ಸ್ಕ್ವೂಶ್: ಫೋಟೊ ಕುಗ್ಗಿಸುವ ಮೊದಲು ಏನು ಕಳೆಯುತ್ತೆ ಅಂತ ಕಣ್ಣಾರೆ ತೋರಿಸುವ ಸಾಧನ

ಫೋಟೊ ಸೈಜ್ ಕಮ್ಮಿ ಮಾಡಿಕೊಡುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಹೆಚ್ಚುಕಮ್ಮಿ ಎಲ್ಲದರದ್ದೂ ಒಂದೇ ದಾರಿ. ಫೋಟೊ ಹಾಕಬೇಕು, ಬಟನ್ ಒತ್ತಬೇಕು, ಸಣ್ಣದಾದ ಫೈಲ್ ಇಳಿಸಿಕೊಳ್ಳಬೇಕು. ಆ ಫೋಟೊದಲ್ಲಿ ಯಾವುದು ಉಳೀತು, ಯಾವುದು ಹೋಯ್ತು ಅಂತ ಮಾತ್ರ ಬಹಳಷ್ಟು ಹೇಳುವುದಿಲ್ಲ. ಸ್ಕ್ವೂಶ್ ಅದನ್ನು ತೋರಿಸುತ್ತದೆ. ನಾನು ಇದನ್ನು ಸಿಕ್ಕಿದವರಿಗೆಲ್ಲ ಹೇಳುವುದಕ್ಕೆ ಕಾರಣ ಇದೊಂದೇ.

ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಬಿಟ್ಟ ಸಾಧನ ಇದು. ಪುಕ್ಕಟೆ. ಲಾಗಿನ್ ಇಲ್ಲ, ಜಾಹೀರಾತು ಇಲ್ಲ, ಫೋಟೊದ ಮೇಲೆ ವಾಟರ್‌ಮಾರ್ಕ್ ಹಾಕುವುದಿಲ್ಲ. ಬ್ರೌಸರ್‌ನಲ್ಲಿ ಸ್ಕ್ವೂಶ್ ಡಾಟ್ ಆ್ಯಪ್ ಅಂತ ಹೊಡೆದರೆ ತೆರೆಯುತ್ತದೆ. ಫೋಟೊ ಎಳೆದು ಹಾಕಿದರೆ ಪರದೆ ಎರಡು ಭಾಗ ಆಗುತ್ತದೆ. ಎಡಗಡೆ ಮೂಲ ಫೋಟೊ, ಬಲಗಡೆ ಕುಗ್ಗಿಸಿದ ಫೋಟೊ, ನಡುವೆ ಒಂದು ಗೆರೆ. ಆ ಗೆರೆಯನ್ನು ಹಿಡಿದು ಆಕಡೆ ಈಕಡೆ ಎಳೆಯಬಹುದು. ಕೆಳಗೆ ಫೈಲ್ ಸೈಜ್ ಎಷ್ಟಾಯ್ತು, ಶೇಕಡಾ ಎಷ್ಟು ಇಳೀತು ಅಂತ ತೋರಿಸುತ್ತಾ ಇರುತ್ತದೆ. ಕ್ವಾಲಿಟಿಯ ಸ್ಲೈಡರ್ ಸ್ವಲ್ಪ ಸರಿಸಿದರೆ ಸಾಕು, ಫೋಟೊನೂ ಬದಲಾಗುತ್ತದೆ, ಸೈಜೂ ಬದಲಾಗುತ್ತದೆ. ಎಡಗಡೆ ಮೂಲ ಫೋಟೊನೇ ಇರಬೇಕು ಅಂತೇನೂ ಇಲ್ಲ. ಎಡಕ್ಕೆ ಜೆಪೆಗ್ ಹಾಕಿ, ಬಲಕ್ಕೆ ವೆಬ್‌ಪಿ ಹಾಕಿ, ಒಂದೇ ಫೋಟೊವನ್ನು ಎರಡು ಫಾರ್ಮ್ಯಾಟ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು.

ಇನ್ನೊಂದು ದೊಡ್ಡ ವಿಷಯ. ನಿಮ್ಮ ಫೋಟೊ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ಕೆಲಸ ಎಲ್ಲಾ ನಿಮ್ಮ ಕಂಪ್ಯೂಟರಿನಲ್ಲೇ, ಬ್ರೌಸರ್ ಒಳಗೇ ನಡೆಯುತ್ತದೆ. ಒಮ್ಮೆ ಪುಟ ತೆರೆದುಕೊಂಡರೆ ಆಮೇಲೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಎಷ್ಟು ಸೈಜ್ ಇದ್ದದ್ದು ಎಷ್ಟಾಯ್ತು ಅನ್ನುವಂಥ ಅಂಕಿಅಂಶ ಅವರಿಗೆ ಹೋಗುತ್ತದೆ ಅಂತ ಅವರೇ ಹೇಳಿಕೊಂಡಿದ್ದಾರೆ, ಫೋಟೊ ಹೋಗುವುದಿಲ್ಲ. ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಪಹಣಿ, ಮಕ್ಕಳ ಫೋಟೊ ಇಂಥದ್ದನ್ನೆಲ್ಲ ಗೊತ್ತುಗುರಿ ಇಲ್ಲದ ವೆಬ್‌ಸೈಟಿಗೆ ಹಾಕಿ ಕುಗ್ಗಿಸಿಕೊಳ್ಳುವ ಜನ ನಮ್ಮ ಸುತ್ತ ಬಹಳ ಇದ್ದಾರೆ. ಆ ಫೈಲ್ ಆಮೇಲೆ ಯಾರ ಸರ್ವರ್‌ನಲ್ಲಿ ಬಿದ್ದಿರುತ್ತದೆ ಅಂತ ಯಾರಿಗೆ ಗೊತ್ತು? ಈ ಒಂದು ಕಾರಣಕ್ಕಾದರೂ ಸೈಬರ್ ಸೆಂಟರ್ ನಡೆಸುವವರು ಇದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಕುಗ್ಗಿಸುವುದು ಅಂದರೆ ಏನು ಅಂತ ಸ್ವಲ್ಪ ನೋಡೋಣ. ಇದು ಗೊತ್ತಿದ್ದರೆ ಸ್ಕ್ವೂಶ್‌ನಲ್ಲಿ ಎಲ್ಲಿ ಜೂಮ್ ಮಾಡಿ ನೋಡಬೇಕು ಅಂತ ತಾನಾಗೇ ತಿಳಿಯುತ್ತದೆ.

ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಅಗಲ 4000, ಎತ್ತರ 3000 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್. ಏನೂ ಕುಗ್ಗಿಸದೆ ಇಟ್ಟರೆ 36 ಎಂಬಿ ಆಗುತ್ತದೆ. ಆದರೆ ನಿಮ್ಮ ಫೋನಿನಲ್ಲಿ ಆ ಫೋಟೊ ಮೂರೋ ನಾಲ್ಕೋ ಎಂಬಿ ಇರುತ್ತದೆ ಅಲ್ವಾ? ಉಳಿದದ್ದು ಎಲ್ಲಿ ಹೋಯ್ತು? ಬಹಳಷ್ಟು ಫೋಟೊಗಳು ಇರುವುದು ಜೆಪೆಗ್ ಅನ್ನುವ ಫಾರ್ಮ್ಯಾಟ್‌ನಲ್ಲಿ. ಜೆಪೆಗ್ ಮೊದಲು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುತ್ತದೆ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಬಣ್ಣದ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ. ಹಾಗಾಗಿ ಬೆಳಕನ್ನು ಎಲ್ಲ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಂದು ಅಂತ ಹಂಚಿಬಿಡುತ್ತದೆ. ಮೊದಲು ಕಳೆಯುವುದು ಇಲ್ಲಿ. ಆಮೇಲೆ ಇಡೀ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಭಾಗ ಎಷ್ಟು, ಸರಸರನೆ ಬದಲಾಗುವ ನವಿರು ಭಾಗ ಎಷ್ಟು ಅಂತ ಲೆಕ್ಕ ಹಾಕುತ್ತದೆ. ನವಿರು ಭಾಗದ ಸಂಖ್ಯೆಗಳನ್ನು ದೊಡ್ಡ ಸಂಖ್ಯೆಯಿಂದ ಭಾಗಿಸಿ ಚಿಲ್ಲರೆ ಬಿಟ್ಟುಬಿಡುತ್ತದೆ. ಬಹಳಷ್ಟು ಸೊನ್ನೆ ಆಗಿಬಿಡುತ್ತವೆ. ಸೊನ್ನೆ ಜಾಸ್ತಿ ಇದ್ದಷ್ಟೂ ಫೈಲ್ ಸಣ್ಣದು. ಕ್ವಾಲಿಟಿ ಅಂತ ನಾವು ಸರಿಸುವ ಸ್ಲೈಡರ್ ಇದೆಯಲ್ಲ, ಅದು ಈ ಚಿಲ್ಲರೆಯನ್ನು ಎಷ್ಟು ಧಾರಾಳವಾಗಿ ಬಿಡಬೇಕು ಅಂತ ಹೇಳುತ್ತದೆ, ಅಷ್ಟೇ.

ಆ ಚೌಕದ ಲೆಕ್ಕದ ಹಿಂದೆ ಇರುವವರು ಬೆಂಗಳೂರಿನವರು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಾಸಿರ್ ಅಹ್ಮದ್, ಹುಟ್ಟಿದ್ದು 1940ರಲ್ಲಿ, ಇದೇ ಊರಿನಲ್ಲಿ. ಎಂಜಿನಿಯರಿಂಗ್ ಓದಿದ್ದು ಕೆ.ಆರ್. ವೃತ್ತದ ಯುವಿಸಿಇಯಲ್ಲಿ, ಅಂದರೆ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಆಮೇಲೆ ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಈ ಲೆಕ್ಕದ ಮೇಲೆ ಕೆಲಸ ಮಾಡಲು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಹಣ ಕೇಳಿ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ ಕೆಲಸ ಮುಗಿಸಿ 1974ರ ಜನವರಿಯಲ್ಲಿ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. 1992ರಲ್ಲಿ ಜೆಪೆಗ್ ಮಾನದಂಡ ಆದಾಗ ಅದರ ಹೊಟ್ಟೆಯಲ್ಲಿದ್ದದ್ದು ಇದೇ ಡಿಸಿಟಿ. ನಾವು ದಿನಾ ಕಳಿಸುವ ಗುಡ್ ಮಾರ್ನಿಂಗ್ ಫೋಟೊದಲ್ಲೂ ಈ ಲೆಕ್ಕ ಇದೆ. ಎಷ್ಟೋ ಎಂಜಿನಿಯರಿಂಗ್ ಹುಡುಗರಿಗೆ ಈ ಸೂತ್ರ ಗೊತ್ತು, ಇವರು ಅದೇ ಕೆ.ಆರ್. ವೃತ್ತದಲ್ಲಿ ಓದಿದವರು ಅಂತ ಗೊತ್ತಿಲ್ಲ. ಅಂದ ಹಾಗೆ, ಈ ಲೆಕ್ಕದಿಂದ ಏನೂ ಕಳೆಯುವುದಿಲ್ಲ. ಕಳೆಯುವುದು ಆಮೇಲೆ ಚಿಲ್ಲರೆ ಬಿಡುವಾಗ.

ಸರಿ, ಸ್ಕ್ವೂಶ್‌ಗೆ ಬರೋಣ. ನಾನು ಮೊದಲು ಹಾಕಿ ನೋಡಿದ್ದು ಅತ್ತೆಯ ಇಳಕಲ್ ಸೀರೆಯ ಫೋಟೊ. ಕಸೂತಿ ಹಾಕಿದ ಸೀರೆ ಅದು. ಕಪ್ಪು ಒಡಲು, ಕೆಂಪು ಸೆರಗು, ಒಡಲ ಮೇಲೆ ಕೆಂಪು ಮತ್ತು ಬಿಳಿ ದಾರದಲ್ಲಿ ಗೋಪುರ, ಆನೆ, ರಥ. ಬಲಗಡೆ ಮಾಜ್‌ಜೆಪೆಗ್ ಹಾಕಿದೆ. ಇದು ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದವರ ಜೆಪೆಗ್ ಎನ್‌ಕೋಡರ್, ಅಂದರೆ ಜೆಪೆಗ್ ಫೈಲ್ ಮಾಡಿಕೊಡುವ ಸಾಫ್ಟ್‌ವೇರ್, ಎಲ್ಲ ಕಡೆ ತೆರೆಯುವ ಮಾಮೂಲಿ ಜೆಪೆಗ್ ಫೈಲನ್ನೇ ಕೊಡುತ್ತದೆ, ಆದರೆ ಸಾಮಾನ್ಯ ಎನ್‌ಕೋಡರ್‌ಗಿಂತ ಸಣ್ಣದಾಗಿ ಕೊಡುತ್ತದೆ. ಸ್ಕ್ವೂಶ್ ತಾನಾಗೇ ಕೊಡುವ ಕ್ವಾಲಿಟಿ 75. ದೂರದಿಂದ ನೋಡಿದರೆ ಎರಡೂ ಒಂದೇ. ಜೂಮ್ ಮಾಡಿ ಗೆರೆಯನ್ನು ಕಸೂತಿಯ ಮೇಲೆ ತಂದೆ. ಬಿಳಿ ದಾರದ ಆನೆ ಹೆಚ್ಚುಕಮ್ಮಿ ಹಾಗೇ ಇದೆ. ಕೆಂಪು ದಾರದ ಗೋಪುರದ ಅಂಚು ಮಾತ್ರ ಕಲಸಿದೆ! ಹೊಲಿಗೆ ಹೊಲಿಗೆಯಾಗಿ ಕಾಣುತ್ತಿದ್ದ ಕೆಂಪು ಈಗ ಕಪ್ಪಿನ ಮೇಲೆ ಹರಡಿಕೊಂಡಿದೆ.

ಯಾಕೆ ಹೀಗೆ? ಬಿಳಿ ದಾರ ಕಪ್ಪಿನ ಮೇಲಿದ್ದರೆ ಅದು ಬೆಳಕಿನ ವ್ಯತ್ಯಾಸ. ಅದನ್ನು ಜೆಪೆಗ್ ಜೋಪಾನ ಮಾಡುತ್ತದೆ. ಕೆಂಪು ದಾರ ಕಪ್ಪಿನ ಮೇಲಿದ್ದರೆ ಬೆಳಕಿನ ವ್ಯತ್ಯಾಸ ಕಮ್ಮಿ, ಬಣ್ಣದ ವ್ಯತ್ಯಾಸವೇ ಜಾಸ್ತಿ. ಆ ಬಣ್ಣವನ್ನೇ ನಾಲ್ಕು ಪಿಕ್ಸೆಲ್‌ಗೆ ಒಂದು ಅಂತ ಹಂಚಿದ್ದರಿಂದ ಅಂಚು ಹೋಯಿತು. ಸ್ಕ್ವೂಶ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಅಂತ ಒಂದಿದೆ, ಅದನ್ನು ತೆರೆದರೆ ಆಟೊ ಸಬ್‌ಸ್ಯಾಂಪಲ್ ಕ್ರೋಮಾ ಅನ್ನುವ ಟಿಕ್ ಇದೆ. ಅದನ್ನು ತೆಗೆದು ಕೆಳಗೆ ಬರುವ ಸ್ಲೈಡರನ್ನು 1ಕ್ಕೆ ಇಟ್ಟರೆ ಬಣ್ಣ ಪೂರ್ತಿ ಉಳಿಯುತ್ತದೆ. ಇಟ್ಟೆ. ಕೆಂಪು ಗೋಪುರ ಮತ್ತೆ ಹೊಲಿಗೆ ಹೊಲಿಗೆಯಾಗಿ ಬಂತು. ಫೈಲ್ ಸ್ವಲ್ಪ ದಪ್ಪ ಆಯಿತು, ಆದರೂ ಮೂಲ ಫೋಟೊಗಿಂತ ಎಷ್ಟೋ ಸಣ್ಣದು. ಸೀರೆ ಮಾರುವವರು, ಕುಂಕುಮ, ಗುಲಾಬಿ, ಕೆಂಪು ದೀಪ ಇಂಥದ್ದರ ಫೋಟೊ ಹಾಕುವವರು ಈ ಒಂದು ಟಿಕ್ ನೆನಪಿಟ್ಟುಕೊಂಡರೆ ಸಾಕು. ಗಿರಾಕಿ ಫೋಟೊದಲ್ಲಿ ಮಸುಕು ಕಂಡರೆ ನೇಯ್ಗೆಯೇ ಹಾಗಿದೆ ಅಂದುಕೊಳ್ಳುತ್ತಾರೆ. ಕಣ್ಣು ನೆಟ್ಟು ಕಸೂತಿ ಹಾಕಿದವರ ಕೆಲಸ ಫೈಲ್ ಸೆಟ್ಟಿಂಗಿನಿಂದ ಕಳಪೆಯಾಗಿ ಕಾಣುವುದು ನ್ಯಾಯ ಅಲ್ಲ.

ಆಮೇಲೆ ಲಗ್ನಪತ್ರಿಕೆ. ಇದರ ಬಗ್ಗೆ ನನಗೆ ತುಂಬಾ ದಿನದಿಂದ ಬೇಸರ ಇದೆ. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಮೇಲೆ ಗಣಪತಿ, ಕೆಳಗೆ ಬಾಳೆಕಂಬ. ಡಿಟಿಪಿ ಮಾಡಿಸಿದ ಅಂಗಡಿಯವರು ಜೆಪೆಗ್ ಕೊಡುತ್ತಾರೆ, ಅದೂ ಕುಗ್ಗಿಸಿ ಕುಗ್ಗಿಸಿ ಕೊಡುತ್ತಾರೆ. ಅಕ್ಷರದ ಸುತ್ತ ಹಿಟ್ಟು ಉದುರಿದ ಹಾಗೆ ಚುಕ್ಕಿಗಳು. ಇಂಗ್ಲಿಷ್ ಅಕ್ಷರ ಆದರೆ ಹೇಗೋ ಓದಬಹುದು. ಕನ್ನಡಕ್ಕೆ ಒತ್ತಕ್ಷರ ಇದೆ. ‘ಲಕ್ಷ್ಮೀ’ ಅನ್ನುವುದರಲ್ಲಿ ಷ ಒತ್ತು, ಮ ಒತ್ತು, ದೀರ್ಘ ಎಲ್ಲ ಒಂದೇ ಜಾಗದಲ್ಲಿ ಕೂತಿರುತ್ತವೆ. ಅಕ್ಷರ ಸಣ್ಣದಿದ್ದಾಗ ಅಷ್ಟೂ ಒಂದೆರಡು ಚೌಕದೊಳಗೆ ಬಂದುಬಿಡುತ್ತದೆ. ಆ ಚೌಕದಲ್ಲಿ ನವಿರು ಭಾಗದ ಚಿಲ್ಲರೆ ಬಿಟ್ಟರೆ ಒತ್ತು ಯಾವುದು, ಚುಕ್ಕಿ ಯಾವುದು ಅಂತ ತಿಳಿಯುವುದಿಲ್ಲ. ಮುಹೂರ್ತದ ಹೊತ್ತು, ಕಲ್ಯಾಣ ಮಂಟಪದ ವಿಳಾಸ ಸಾಮಾನ್ಯವಾಗಿ ಅತಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ವಯಸ್ಸಾದವರು ಫೋನ್ ಮೂಗಿನ ಹತ್ತಿರ ಹಿಡಿದು ಓದಲು ಕಷ್ಟಪಡುತ್ತಾರೆ.

ಇಂಥದ್ದಕ್ಕೆ ಪಿಎನ್‌ಜಿ ಇದೆ. 1996ರಿಂದ ಇದೆ. ಜಿಫ್ ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿ ಬಳಸುತ್ತಿದ್ದ ಒಂದು ವಿಧಾನದ ಮೇಲೆ ಪೇಟೆಂಟ್ ಇದೆ, ದುಡ್ಡು ಕೊಡಿ ಅಂತ ತಕರಾರು ಬಂದಾಗ, ಯಾರ ಹಂಗೂ ಇಲ್ಲದ ಫಾರ್ಮ್ಯಾಟ್ ಬೇಕು ಅಂತ ಜನ ಸೇರಿ ಮಾಡಿದ್ದು. ಇದರಲ್ಲಿ ಒಂದು ಪಿಕ್ಸೆಲ್ಲೂ ಬದಲಾಗುವುದಿಲ್ಲ. ಅಂಗಡಿಯವರ ಹತ್ತಿರ ಲಗ್ನಪತ್ರಿಕೆಯನ್ನು ಮೂಲ ಡಿಸೈನ್ ಫೈಲಿನಿಂದಲೇ ಪಿಎನ್‌ಜಿಯಾಗಿ ಕೇಳಿ ಪಡೆಯಿರಿ. ಅದನ್ನು ಸ್ಕ್ವೂಶ್‌ಗೆ ಹಾಕಿ, ಬಲಗಡೆ ಆಕ್ಸಿಪಿಎನ್‌ಜಿ ಆರಿಸಿ, ರೆಡ್ಯೂಸ್ ಪ್ಯಾಲೆಟ್ ಅನ್ನುವುದನ್ನು ಆನ್ ಮಾಡಿ. ಚಿತ್ರದಲ್ಲಿರುವ ಬಣ್ಣಗಳ ಸಂಖ್ಯೆಯನ್ನು 256ಕ್ಕೆ ಇಳಿಸುತ್ತದೆ. ಲಗ್ನಪತ್ರಿಕೆಯಲ್ಲಿ ಇರುವುದೇ ನಾಲ್ಕಾರು ಬಣ್ಣ, ಹಾಗಾಗಿ ಕಣ್ಣಿಗೆ ಏನೂ ತಿಳಿಯುವುದಿಲ್ಲ. ನಾನು ಹಾಕಿ ನೋಡಿದ ಕಾರ್ಡಿನಲ್ಲಿ ಈ ಪಿಎನ್‌ಜಿ, ಚೆನ್ನಾಗಿ ಕಾಣುವ ಜೆಪೆಗ್‌ಗಿಂತ ಸಣ್ಣದೇ ಆಯಿತು. ಒತ್ತಕ್ಷರ ಎಲ್ಲ ಗರಿಗರಿಯಾಗಿ ನಿಂತವು. ಹಿನ್ನೆಲೆಯಲ್ಲಿ ವಧೂವರರ ಫೋಟೊ ಹಾಕಿಸಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಫೋಟೊ ಇದ್ದಲ್ಲಿ ಪಿಎನ್‌ಜಿ ಬಹಳ ದಪ್ಪ ಆಗುತ್ತದೆ, ಬಣ್ಣ ಇಳಿಸಿದರೆ ಮುಖದ ಮೇಲೆ ಕಲೆ ಕಲೆ ಕಾಣುತ್ತದೆ.

ಇಷ್ಟೆಲ್ಲ ಮಾಡಿ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. 2023ರಲ್ಲಿ ಬಂದ ಎಚ್‌ಡಿ ಬಟನ್ ಪರವಾಗಿಲ್ಲ, ಆದರೆ ಅದೂ ಮೂಲ ಫೈಲ್ ಅಲ್ಲ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಹಾಳಾದ ಜೆಪೆಗ್ ಅನ್ನು ಪಿಎನ್‌ಜಿ ಮಾಡಿದರೆ ಕ್ವಾಲಿಟಿ ವಾಪಸ್ ಬರುವುದಿಲ್ಲ. ಹೋದದ್ದು ಹೋಯಿತು. ಆ ಚುಕ್ಕಿಗಳನ್ನೇ ಪಿಎನ್‌ಜಿ ಜೋಪಾನವಾಗಿ ಕಾಪಾಡಿ ಇಡುತ್ತದೆ, ಫೈಲ್ ಮಾತ್ರ ದಪ್ಪ ಆಗುತ್ತದೆ. ಇನ್ನೊಂದು, ಜೆಪೆಗ್ ಫೋಟೊವನ್ನು ತೆರೆದು ನೋಡುವುದರಿಂದ, ಕಾಪಿ ಮಾಡುವುದರಿಂದ, ಪೆನ್‌ಡ್ರೈವ್‌ಗೆ ಹಾಕುವುದರಿಂದ ಏನೂ ಕಳೆಯುವುದಿಲ್ಲ. ನೋಡಿದಷ್ಟೂ ಸವೆಯುತ್ತದೆ ಅಂತ ನಂಬಿದವರು ಈಗಲೂ ಸಿಗುತ್ತಾರೆ. ಕಳೆಯುವುದು ತೆರೆದು, ಏನಾದರೂ ತಿದ್ದಿ, ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದಾಗ. ಪ್ರತಿ ಸಲ ಸೇವ್ ಮಾಡಿದಾಗಲೂ ಮತ್ತೆ ಚೌಕ, ಮತ್ತೆ ಚಿಲ್ಲರೆ. ಅದಕ್ಕೇ ತಿದ್ದುವ ಕೆಲಸ ಇನ್ನೂ ಬಾಕಿ ಇರುವ ಫೋಟೊವನ್ನು ಸೇವ್ ಮಾಡಿದರೂ ಏನೂ ಕಳೆಯದ ಟಿಫ್ ಅಥವಾ ಪಿಎನ್‌ಜಿ ಫಾರ್ಮ್ಯಾಟ್‌ನಲ್ಲಿ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಜೆಪೆಗ್ ಮಾಡುವುದು ಒಳ್ಳೆಯದು. ಕ್ವಾಲಿಟಿ 100 ಇಟ್ಟರೆ ಏನೂ ಹೋಗುವುದಿಲ್ಲ ಅನ್ನುವುದೂ ಸರಿ ಅಲ್ಲ. 100ರಲ್ಲೂ ಸ್ವಲ್ಪ ಹೋಗುತ್ತದೆ, ಸೈಜ್ ಮಾತ್ರ ಸುಮ್ನೆ ಏರುತ್ತದೆ. ಸ್ಕ್ವೂಶ್‌ನಲ್ಲಿ 90ರಿಂದ 100ಕ್ಕೆ ಸರಿಸಿ ನೋಡಿ, ಕೆಳಗಿನ ಸಂಖ್ಯೆ ಹೇಗೆ ಹಾರುತ್ತದೆ, ಫೋಟೊದಲ್ಲಿ ಕಣ್ಣಿಗೆ ಎಷ್ಟು ಕಮ್ಮಿ ಬದಲಾವಣೆ ಕಾಣುತ್ತದೆ ಅಂತ.

ಹೊಸ ಫಾರ್ಮ್ಯಾಟ್‌ಗಳ ವಿಚಾರ. ವೆಬ್‌ಪಿ ಗೂಗಲ್‌ನವರದು, 2010ರಲ್ಲಿ ಬಂತು. ಈಗ ಎಲ್ಲ ಬ್ರೌಸರ್‌ನಲ್ಲೂ ತೆರೆಯುತ್ತದೆ. ಎವಿಐಎಫ್ 2019ರದು, ವೀಡಿಯೊಗೆ ಅಂತ ಮಾಡಿದ ಎವಿ1 ತಂತ್ರವನ್ನೇ ಫೋಟೊಗೆ ತಂದಿದ್ದಾರೆ. ಎವಿಐಎಫ್ ಬಗ್ಗೆ ಬಹಳ ಹೊಗಳಿಕೆ ಕೇಳಿದ್ದೆ, ಸ್ಕ್ವೂಶ್‌ನಲ್ಲಿ ಹಾಕಿ ನೋಡಿದಾಗ ಅರ್ಧ ಒಪ್ಪಿದೆ. ಆಗುಂಬೆಯ ಸಂಜೆಯ ಆಕಾಶದ ಫೋಟೊ ಒಂದಿತ್ತು. ಕಿತ್ತಳೆಯಿಂದ ನೇರಳೆಗೆ ನಿಧಾನವಾಗಿ ಇಳಿಯುವ ಬಣ್ಣ. ಕಮ್ಮಿ ಕ್ವಾಲಿಟಿಯ ಜೆಪೆಗ್‌ನಲ್ಲಿ ಆ ಆಕಾಶ ಮೆಟ್ಟಿಲು ಮೆಟ್ಟಿಲಾಗಿ, ಚೌಕ ಚೌಕವಾಗಿ ಒಡೆಯುತ್ತದೆ. ಅದೇ ಸೈಜಿಗೆ ಎವಿಐಎಫ್‌ನಲ್ಲಿ ಆಕಾಶ ಸೊಗಸಾಗಿ ನಿಂತಿತು. ಆದರೆ ಅದೇ ಸಣ್ಣ ಸೈಜಿಗೆ ಅಜ್ಜಿಯ ಮುಖದ ಫೋಟೊ ಹಾಕಿ ನೋಡಿದರೆ ಕೆನ್ನೆಯ ಸುಕ್ಕು ಹೋಗಿಬಿಟ್ಟಿದೆ. ಬಿಳಿ ಕೂದಲು ಎಳೆ ಎಳೆಯಾಗಿ ಕಾಣಬೇಕಾದದ್ದು ಒಂದೇ ನುಣುಪು. ಚೌಕ ಇಲ್ಲ, ಚುಕ್ಕಿ ಇಲ್ಲ, ಹಾಳಾಗಿದೆ ಅಂತ ಅನಿಸುವುದೇ ಇಲ್ಲ. ಗೆರೆ ಸರಿಸಿ ಮೂಲ ನೋಡಿದಾಗಲೇ ಗೊತ್ತಾಗುವುದು. ಜೆಪೆಗ್ ಹಾಳಾದರೆ ಹಾಳಾಗಿದೆ ಅಂತ ಕಾಣುತ್ತದೆ, ಎವಿಐಎಫ್ ಹಾಳಾದರೆ ಚೆನ್ನಾಗಿದೆ ಅಂತಲೇ ಕಾಣುತ್ತದೆ. ಮನೆಯವರ ಮುಖ ಇರುವ ಫೋಟೊಗೆ ಇದು ನನಗೆ ಸರಿ ಅನಿಸಲಿಲ್ಲ, ಕ್ವಾಲಿಟಿ ಏರಿಸಿ ಬಳಸಿದರೆ ಆದೀತು. ಎವಿಐಎಫ್ ಮಾಡಲು ಸಮಯವೂ ಹಿಡಿಯುತ್ತದೆ. ಹಳೇ ಲ್ಯಾಪ್‌ಟಾಪ್ ಆದರೆ ಸ್ಲೈಡರ್ ಸರಿಸಿದ ಪ್ರತಿ ಸಲವೂ ಕಾಯಬೇಕು.

ಜೆಪೆಗ್ ಎಕ್ಸ್‌ಎಲ್ ಅಂತಲೂ ಒಂದು ಪಟ್ಟಿಯಲ್ಲಿದೆ. ಗುಣದಲ್ಲಿ ಒಳ್ಳೆಯದೇ, ಆದರೆ ಎಲ್ಲ ಕಡೆ ತೆರೆಯುವುದಿಲ್ಲ. ತೆರೆಯದ ಫೈಲ್ ಕಳಿಸಿ ಏನು ಪ್ರಯೋಜನ, ಬಿಟ್ಟುಬಿಡಿ.

ಅರ್ಜಿ ಹಾಕುವವರ ಕಷ್ಟ ಬೇರೆಯೇ. ಅಕ್ಕನ ಮಗ ಬ್ಯಾಂಕ್ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದ. “ಮಾಮಾ, ಫೋಟೊ ತಗೊಳ್ತಾನೇ ಇಲ್ಲ, ಸೈಜ್ ಸರಿ ಇಲ್ಲ ಅಂತಿದೆ” ಅಂದ. ಆ ಪರೀಕ್ಷೆ ನಡೆಸುವ ಐಬಿಪಿಎಸ್‌ನವರು ಕೇಳುವುದು 200ಕ್ಕೆ 230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ. ಎಲ್ಲರೂ 50ರ ಕಡೆ ನೋಡುತ್ತಾರೆ, 20ರ ಕಡೆ ನೋಡುವುದಿಲ್ಲ. ಅವನ ಫೋಟೊ 9 ಕೆಬಿ ಚಿಲ್ಲರೆ ಇತ್ತು. ಅಷ್ಟು ಸಣ್ಣ ಫೋಟೊಗೆ ಕ್ವಾಲಿಟಿ 75 ಇಟ್ಟರೆ ಬಹಳ ಸಲ 20 ಕೆಬಿ ಮುಟ್ಟುವುದೇ ಇಲ್ಲ! ಸ್ಕ್ವೂಶ್‌ನಲ್ಲಿ ಮೊದಲು ರೀಸೈಜ್ ಆನ್ ಮಾಡಿ ಅಗಲ ಎತ್ತರ ಹಾಕಿದೆವು, ಆಮೇಲೆ ಕ್ವಾಲಿಟಿಯನ್ನು ಮೇಲಕ್ಕೆ ಏರಿಸುತ್ತಾ ಹೋದೆವು, ಕೆಳಗಿನ ಸಂಖ್ಯೆ 20 ದಾಟಿದ ಮೇಲೆ ನಿಲ್ಲಿಸಿದೆವು. ಅರ್ಜಿ ತಗೊಂಡಿತು. ಮುಖವೂ ಸ್ಪಷ್ಟ ಇತ್ತು. ಈ ಕ್ರಮ ಮುಖ್ಯ. ಮೊದಲು ಪಿಕ್ಸೆಲ್ ಇಳಿಸಬೇಕು, ಆಮೇಲೆ ಕ್ವಾಲಿಟಿ ಮುಟ್ಟಬೇಕು. ಬಹಳ ಜನ 4000 ಪಿಕ್ಸೆಲ್ ಫೋಟೊವನ್ನು ಹಾಗೇ ಇಟ್ಟುಕೊಂಡು ಕ್ವಾಲಿಟಿಯನ್ನು ಪಾತಾಳಕ್ಕೆ ಇಳಿಸಿ 50 ಕೆಬಿ ಮಾಡಲು ಹೆಣಗುತ್ತಾರೆ, ಮುಖ ಎಲ್ಲ ಚೌಕ ಚೌಕ ಆಗುತ್ತದೆ, ಆಮೇಲೆ ಹಾಲ್ ಟಿಕೆಟ್‌ನಲ್ಲಿ ಮುಖ ಗುರುತು ಸಿಗುವುದಿಲ್ಲ.

ಇಲ್ಲಿ ಸ್ಕ್ವೂಶ್‌ನ ಒಂದು ಕೊರತೆ ಎದುರಾಯಿತು. ಕ್ರಾಪ್ ಮಾಡುವ ಸೌಲಭ್ಯ ಇಲ್ಲ. 200ಕ್ಕೆ 230ರ ಅಳತೆಗೆ ಮೊದಲು ಫೋನಿನ ಗ್ಯಾಲರಿಯಲ್ಲೇ ಕತ್ತರಿಸಿಕೊಂಡು ಬರಬೇಕು, ಇಲ್ಲದಿದ್ದರೆ ಮುಖ ಹಿಗ್ಗುತ್ತದೆ, ಇಲ್ಲ ಕುಗ್ಗುತ್ತದೆ. ಇಷ್ಟು ಒಳ್ಳೆಯ ಸಾಧನದಲ್ಲಿ ಇದು ಇರಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ, ಫೋಟೊ ಜೊತೆ ಬರುವ ಮಾಹಿತಿ ಎಲ್ಲ ಹೋಗುತ್ತದೆ. ಫೋಟೊ ತೆಗೆದ ದಿನಾಂಕ, ಸಮಯ, ಯಾವ ಕ್ಯಾಮೆರಾ, ಯಾವ ಜಾಗ ಇವೆಲ್ಲ ಫೈಲ್ ಒಳಗೇ ಬರೆದಿರುತ್ತದೆ. ಎಕ್ಸಿಫ್ ಅಂತಾರೆ. ಸ್ಕ್ವೂಶ್ ಬರೀ ಪಿಕ್ಸೆಲ್ ತೆಗೆದುಕೊಂಡು ಹೊಸ ಫೈಲ್ ಮಾಡುವುದರಿಂದ ಇದು ಉಳಿಯುವುದಿಲ್ಲ. ಆನ್‌ಲೈನ್‌ನಲ್ಲಿ ಹಾಕುವ ಫೋಟೊಗೆ ಇದು ಒಳ್ಳೆಯದೇ. ಮನೆ ಇರುವ ಜಾಗ ಊರಿಗೆಲ್ಲ ತಿಳಿಯುವುದು ಬೇಡ. ಆದರೆ ಮನೆಯ ಆಲ್ಬಮ್ ಕುಗ್ಗಿಸಲು ಹೊರಟರೆ ಅನಾಹುತ. ಮಗುವಿನ ನಾಮಕರಣದ ಫೋಟೊ ಎಲ್ಲ ಇವತ್ತಿನ ತಾರೀಕಿಗೆ ಬಂದು ಕೂರುತ್ತವೆ. ಹತ್ತು ವರ್ಷ ಆದ ಮೇಲೆ ಇದು ಯಾವ ಹಬ್ಬ, ಯಾವ ವರ್ಷ ಅಂತ ಹುಡುಕಬೇಕಾಗುತ್ತದೆ. ದಯವಿಟ್ಟು ಮೂಲ ಫೋಟೊಗಳನ್ನು ಅಳಿಸಿ ಸ್ಕ್ವೂಶ್‌ನಿಂದ ಬಂದದ್ದನ್ನು ಇಟ್ಟುಕೊಳ್ಳಬೇಡಿ. ಇಡಬೇಕಾದದ್ದು ಮೂಲವೇ, ಕ್ಯಾಮೆರಾ ಏನು ಕೊಟ್ಟಿತೋ ಅದೇ. ಹಾರ್ಡ್ ಡಿಸ್ಕ್ ಒಂದು ಹೆಚ್ಚಿಗೆ ತಗೊಳ್ಳಿ, ಪರವಾಗಿಲ್ಲ.

ಐಫೋನ್ ಇರುವವರಿಗೆ ಒಂದು ಮಾತು. 2017ರ ಐಒಎಸ್ 11ರಿಂದ ಐಫೋನ್‌ಗಳು ಎಚ್‌ಇಐಸಿ ಅನ್ನುವ ಫಾರ್ಮ್ಯಾಟಿನಲ್ಲಿ ಫೋಟೊ ಇಡುತ್ತವೆ. ಜಾಗ ಕಮ್ಮಿ ಸಾಕು, ಕ್ವಾಲಿಟಿ ಚೆನ್ನಾಗಿರುತ್ತದೆ, ಇಟ್ಟುಕೊಳ್ಳಲು ಒಳ್ಳೆಯದೇ. ಆದರೆ ಕ್ರೋಮ್‌ನಲ್ಲಿ ಸ್ಕ್ವೂಶ್ ತೆರೆದು ಆ ಫೈಲ್ ಹಾಕಿದರೆ ತೆರೆಯುವುದಿಲ್ಲ. ಸಫಾರಿಯ ಹೊಸ ಆವೃತ್ತಿಯಲ್ಲಿ ತೆರೆಯುತ್ತದೆ. ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಅಂತ ಇಟ್ಟರೆ ಮುಂದೆ ತೆಗೆಯುವ ಫೋಟೊ ಜೆಪೆಗ್ ಆಗುತ್ತವೆ, ಆದರೆ ಬರೀ ಸ್ಕ್ವೂಶ್‌ಗೋಸ್ಕರ ಹಾಗೆ ಮಾಡಬೇಕಿಲ್ಲ. ದೊಡ್ಡ ಕ್ಯಾಮೆರಾದ ರಾ ಫೈಲ್‌ಗೂ, ಅಂದರೆ ಸೆನ್ಸರ್ ಕಂಡದ್ದನ್ನು ಜೆಪೆಗ್ ಮಾಡದೆ ಹಾಗೇ ಇಟ್ಟ ಫೈಲ್‌ಗೂ, ಸ್ಕ್ವೂಶ್ ಆಗುವುದಿಲ್ಲ. ರಾದಲ್ಲಿ ಒಂದು ಬಣ್ಣಕ್ಕೆ 12 ಅಥವಾ 14 ಬಿಟ್ ಇರುತ್ತದೆ, ಜೆಪೆಗ್‌ನಲ್ಲಿ 8 ಬಿಟ್, ಅಂದರೆ 256 ಮೆಟ್ಟಿಲು ಮಾತ್ರ. ನೆರಳಲ್ಲಿ ಮುಚ್ಚಿಹೋದ ಮುಖವನ್ನು ಆಮೇಲೆ ಬೆಳಗಿಸಬೇಕು ಅಂದರೆ ಆ ಹೆಚ್ಚಿನ ಮೆಟ್ಟಿಲುಗಳು ಬೇಕೇ ಬೇಕು. ಮದುವೆ ಫೋಟೊ ತೆಗೆಯುವವರಿಗೆ ಇದು ನಾನು ಹೇಳಬೇಕಾದದ್ದಲ್ಲ, ಅವರಿಗೇ ಚೆನ್ನಾಗಿ ಗೊತ್ತು.

ಹಳೇ ಆಲ್ಬಮ್ ಸ್ಕ್ಯಾನ್ ಮಾಡಿಸುವವರು ಜಾಸ್ತಿ ಕೇಳುವ ಪ್ರಶ್ನೆ, ಯಾವ ಫಾರ್ಮ್ಯಾಟಿನಲ್ಲಿ ತಗೊಳ್ಳಲಿ ಅಂತ. ಟಿಫ್‌ನಲ್ಲಿ ತಗೊಳ್ಳಿ. ನಾಲ್ಕಕ್ಕೆ ಆರು ಇಂಚಿನ ಫೋಟೊವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಂತೆ, ಸ್ಕ್ಯಾನ್ ಮಾಡಿದರೆ 3600ಕ್ಕೆ 2400 ಪಿಕ್ಸೆಲ್, ಒಂದು ಫೋಟೊಗೆ ಸುಮಾರು 26 ಎಂಬಿ. ದೊಡ್ಡದು ಅನಿಸಬಹುದು. ಆದರೆ ಗೆದ್ದಲು ಹಿಡಿಯುತ್ತಿರುವ, ಬಣ್ಣ ಮಾಸುತ್ತಿರುವ ಫೋಟೊವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡುವ ಅವಕಾಶ ಸಿಗುತ್ತದೋ ಇಲ್ಲವೋ. ಮಾಸಿದ ಬಣ್ಣ ಸರಿ ಮಾಡಲು ಆಮೇಲೆ ಬಹಳ ತಿದ್ದಬೇಕಾಗುತ್ತದೆ, ಅದಕ್ಕೆ ಪೂರ್ತಿ ಫೈಲೇ ಬೇಕು. ಸ್ಕ್ಯಾನ್ ಮಾಡುವವರು ಜೆಪೆಗ್ ಸಾಕು ಸಾರ್ ಅಂದರೂ ಬಿಡಬೇಡಿ. ಮನೆಮಂದಿಗೆ ಹಂಚಲು ಬೇಕಾದ ಸಣ್ಣ ಪ್ರತಿಯನ್ನು ನೀವೇ ಮಾಡಿಕೊಳ್ಳಬಹುದು.

ಆ ಸಣ್ಣ ಪ್ರತಿಗಳನ್ನು ರಾಶಿಗಟ್ಟಲೆ ಮಾಡಲು ಸ್ಕ್ವೂಶ್ ಆಗುವುದಿಲ್ಲ, ಅದು ಒಂದು ಸಲಕ್ಕೆ ಒಂದೇ ಫೋಟೊ ತಗೊಳ್ಳುವುದು. ಕಮಾಂಡ್‌ನಿಂದ ಓಡಿಸುವ ಆವೃತ್ತಿ ಮೊದಲು ಇತ್ತು, ಅದನ್ನೂ ನಿಲ್ಲಿಸಿದ್ದಾರೆ. ನಾನು ಇದಕ್ಕೆ ಎಕ್ಸ್‌ಎನ್‌ಕನ್ವರ್ಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಮನೆ ಬಳಕೆಗೆ ಪುಕ್ಕಟೆ, ಟಿಫ್ ತೆರೆಯುತ್ತದೆ, ಫೋಲ್ಡರ್ ಪೂರ್ತಿ ಒಂದೇ ಸಲ ಮಾಡುತ್ತದೆ, ತಾರೀಕಿನ ಮಾಹಿತಿ ಉಳಿಸಿಕೊಳ್ಳುವ ಆಯ್ಕೆಯೂ ಇದೆ. ಆ ಆಲ್ಬಮ್‌ನಿಂದ ಬೇರೆ ಬೇರೆ ಥರದ ಕೆಲವು ಫೋಟೊ ಆರಿಸಿಕೊಳ್ಳಿ, ಒಂದು ಗುಂಪು ಫೋಟೊ, ಒಂದು ಮುಖ, ಒಂದು ಹೊಲ ಅಥವಾ ಗುಡ್ಡ. ಟಿಫ್ ಆಗಿದ್ದರೆ ಕ್ರೋಮ್ ತೆರೆಯುವುದಿಲ್ಲ, ಅವನ್ನು ಪಿಎನ್‌ಜಿ ಮಾಡಿ ಸ್ಕ್ವೂಶ್‌ಗೆ ಹಾಕಿ, ಎಲ್ಲಿಯವರೆಗೆ ಇಳಿಸಿದರೆ ಮುಖ ಕೆಡುವುದಿಲ್ಲ ಅಂತ ಗೆರೆ ಸರಿಸಿ ಸರಿಸಿ ನೋಡಿ. ಅಲ್ಲಿ ಸಿಕ್ಕ ಸಂಖ್ಯೆಯನ್ನು ಹಾಗೇ ಎಕ್ಸ್‌ಎನ್‌ಕನ್ವರ್ಟ್‌ಗೆ ಹಾಕಬೇಡಿ, ಒಂದು ಸಾಫ್ಟ್‌ವೇರ್‌ನ 80 ಇನ್ನೊಂದರ 80ಕ್ಕೆ ಸಮ ಅಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಇಟ್ಟು, ಮೊದಲು ಅದೇ ಕೆಲವು ಫೋಟೊಗಳನ್ನು ಮಾತ್ರ ಓಡಿಸಿ, ಪೂರ್ತಿ ಸೈಜಿನಲ್ಲಿ ತೆರೆದು ಮುಖಗಳನ್ನು ನೋಡಿ, ಆಮೇಲೆ ಇಡೀ ಫೋಲ್ಡರ್ ಬಿಡಿ.